ಮೀನಿನ ಕೆರೆಗಳ ನಡುವೆ ಎಳೆದ ಗೆರೆ

ನನ್ನ ಜಾಗಕ್ಕೆ ಬಂದಿರುವ ಹುಡುಗಿಯ ಹೆಸರು ಮೇಘನಾ. ಮೈಸೂರಿನವಳು, ಕಂಪ್ಯೂಟರ್ ಓದಿದವಳು. ನಾನು ನಿವೃತ್ತಳಾಗುವ ವಾರ ನನ್ನ ಮೇಜಿನ ಮುಂದೆ ನಿಂತು, "ಆಂಟಿ, ನಿಮ್ ಕೆಲ್ಸದ ಬಗ್ಗೆ ಒಂದು ಹ್ಯಾಂಡೋವರ್ ನೋಟ್ ಬರ್ಕೊಡ್ತೀರಾ? ಒಂದ್ ಪೇಜ್ ಸಾಕು," ಎಂದಳು. ಒಂದು ಪೇಜಂತೆ! ಜರ್ಮನಿಯ ಎರ್ಲಾಂಗೆನ್ ಸುತ್ತಮುತ್ತಲ ಹಳ್ಳಿಗಳ ಫುಟ್‌ಬಾಲ್ ತಂಡಗಳಲ್ಲಿ ಯಾರು ಯಾರ ಜೊತೆ, ಯಾವ ಭಾನುವಾರ, ಯಾರ ಮೈದಾನದಲ್ಲಿ ಆಡಬೇಕು ಎಂದು ಹೊಂದಿಸುವುದರಲ್ಲಿ ನನ್ನ ಕೂದಲು ಬೆಳ್ಳಗಾಗಿದೆ. ಅದನ್ನು ಒಂದು ಪುಟದಲ್ಲಿ ಹಿಡಿಸುವ ತಾಳ್ಮೆ ನನಗಿಲ್ಲ. ತಾಳ್ಮೆ ನನಗೆ ಯಾವುದಕ್ಕೂ ಇಲ್ಲವೆಂದು ನಮ್ಮ ಮನೆಯವರು ಮದುವೆಯಾದಾಗಿನಿಂದ ಹೇಳುತ್ತಿದ್ದಾರೆ.

ಈಗ ಮನೆಯಲ್ಲಿದ್ದೇನೆ, ಆದರೆ ಇದ್ದಂತೆ ಇಲ್ಲ. ಶುಕ್ರವಾರ ಮಧ್ಯಾಹ್ನ ಮೋಡ ಕವಿದರೆ ಕೈ ತಾನಾಗಿಯೇ ಫೋನಿನ ಕಡೆ ಹೋಗುತ್ತದೆ. ಭಾನುವಾರ ಊಟವಾದ ಮೇಲೆ ಕಿಟಕಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಓಡಾಡುತ್ತೇನೆ. "ಸುಮಾ, ಒಂದ ಕಡೆ ಕೂಡ್ರು ಮಾರಾಯ್ತಿ, ನಿನ್ನ ನೋಡಿ ನನಗ ತಲಿ ತಿರಗಾಕತ್ತೇತಿ," ಎನ್ನುತ್ತಾರೆ ಇವರು. ಕೂರಲು ಆಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಮೇಘನಾ ಓದಲಿ, ಅವಳ ಹಾಗೆ ಈ ಕೆಲಸಕ್ಕೆ ಬರುವವರೂ ಓದಲಿ. ಊರು, ಮನುಷ್ಯರ ಹೆಸರುಗಳನ್ನು ಬದಲಿಸಿದ್ದೇನೆ. ಜಗಳಗಳನ್ನು ಇದ್ದ ಹಾಗೆಯೇ ಇಟ್ಟಿದ್ದೇನೆ.

ನಾವು ಹುಬ್ಬಳ್ಳಿಯವರು. ಇವರಿಗೆ ಎರ್ಲಾಂಗೆನ್‌ನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತೆಂದು ಬಂದೆವು. ಮನೆಯಲ್ಲಿ ಕೂತು ಕೂತು ಗೋಡೆಗಳನ್ನು ಬೈಯುವ ಹಂತಕ್ಕೆ ನಾನು ಬಂದಿದ್ದಾಗ, ಜಿಲ್ಲೆಯ ಫುಟ್‌ಬಾಲ್ ಕಚೇರಿಗೆ ಬೆರಳಚ್ಚು ಗೊತ್ತಿರುವವರು ಬೇಕು ಎಂಬ ಜಾಹೀರಾತು ಕಣ್ಣಿಗೆ ಬಿತ್ತು. ಅಲ್ಲಿನ ಮುಖ್ಯಸ್ಥ ಕೋಲರ್ ಎಂಬ ಮುದುಕ. ಬಾಯಲ್ಲಿ ಪೈಪು, ಆದರೆ ಅದಕ್ಕೆ ಬೆಂಕಿ ಹಚ್ಚಿದ್ದನ್ನು ನಾನು ನೋಡಿಲ್ಲ.

"ಫುಟ್‌ಬಾಲ್ ಗೊತ್ತೇ?" ಎಂದು ಕೇಳಿದರು.

"ಇಲ್ಲ."

"ಯಾವ ತಂಡದ ಅಭಿಮಾನಿ?"

"ಯಾವುದೂ ಇಲ್ಲ."

"ಬಹಳ ಒಳ್ಳೆಯದು. ನಾಳೆಯಿಂದಲೇ ಬನ್ನಿ," ಎಂದರು.

ಯಾರ ಪಕ್ಷವನ್ನೂ ವಹಿಸದ ಮನುಷ್ಯ ಸಿಗುವುದು ಆ ಕಚೇರಿಯಲ್ಲಿ ಎಷ್ಟು ಕಷ್ಟವೆಂದು ನನಗೆ ಆಮೇಲೆ ತಿಳಿಯಿತು.

ಕೋಲರ್ ಕೋಣೆಯ ಗೋಡೆಯ ತುಂಬ ಜಿಲ್ಲೆಯ ನಕ್ಷೆ. ಪ್ರತಿ ತಂಡಕ್ಕೂ ಒಂದು ಗುಂಡುಸೂಜಿ, ಒಂದೊಂದು ಗುಂಪನ್ನು ಸುತ್ತುವರಿದು ಉಣ್ಣೆಯ ದಾರ. ನಾನು ಸೇರಿದಾಗ ನಮ್ಮ ಲೀಗಿನಲ್ಲಿ ನಾಲ್ಕು ಗುಂಪುಗಳಿದ್ದವು. ನಾಲ್ಕು ಬಣ್ಣದ ದಾರ. ವೇಳಾಪಟ್ಟಿ ಮಾಡುವುದು ಹೀಗೆ: ಮೊದಲು ತಂಡಗಳ ಹೆಸರಿಲ್ಲದ ಒಂದು ಚೌಕಟ್ಟು ಇರುತ್ತದೆ, ಅದರಲ್ಲಿ ಬರೀ ಅಂಕಿಗಳು. ಪ್ರತಿ ತಂಡಕ್ಕೂ ಒಂದು ಕೀಲಿ ಸಂಖ್ಯೆ ಕೊಟ್ಟರೆ, ವರ್ಷವಿಡೀ ಅದು ಯಾವಾಗ ತನ್ನೂರಲ್ಲಿ, ಯಾವಾಗ ಪರವೂರಲ್ಲಿ ಆಡಬೇಕೆಂಬುದು ತಾನಾಗಿಯೇ ನಿರ್ಧಾರವಾಗುತ್ತದೆ. ಒಂದೇ ಮೈದಾನವನ್ನು ಹಂಚಿಕೊಂಡಿರುವ ಎರಡು ತಂಡಗಳಿಗೆ ಒಂದಕ್ಕೊಂದು ವಿರುದ್ಧವಾದ ಸಂಖ್ಯೆ ಕೊಡಬೇಕು, ಒಂದು ತಂಡ ಊರಲ್ಲಿದ್ದಾಗ ಇನ್ನೊಂದು ಹೊರಗಿರುವ ಹಾಗೆ. ನನಗೆ ಅದನ್ನು ಯಾರೂ ಹೇಳಿರಲಿಲ್ಲ. ಒಂದೇ ಮೈದಾನದವರು, ಅನ್ಯೋನ್ಯವಾಗಿರಲಿ ಎಂದು ಎರಡಕ್ಕೂ ಒಂದೇ ಭಾನುವಾರ ಊರಲ್ಲೇ ಆಟ ಬರುವ ಸಂಖ್ಯೆ ಕೊಟ್ಟೆ. ಆ ಭಾನುವಾರ ಒಂದು ಮೈದಾನಕ್ಕೆ ನಾಲ್ಕು ತಂಡ, ಇಬ್ಬರು ರೆಫರಿಗಳು ಬಂದು ಇಳಿದರು. ಕೋಲರ್ ಸೈಕಲ್ ಹತ್ತಿ ಹೋಗಿ, ಒಂದು ಆಟ ಮುಗಿದ ಮೇಲೆ ಇನ್ನೊಂದನ್ನು ಆಡಿಸಿದರು. ಎರಡನೆಯ ಆಟ ಮುಗಿಯುವ ಹೊತ್ತಿಗೆ ಚೆಂಡು ಕಾಣದಷ್ಟು ಮಬ್ಬು ಕವಿದಿತ್ತಂತೆ. ಮರುದಿನ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಹೇಳಿ ಹಗುರಾಗುತ್ತಿದ್ದೆ.

ಆಮೇಲೆ ಅವರು ನನಗೆ ಕೆರ್ವಾ ಕಲಿಸಿದರು. ಇಲ್ಲಿ ಪ್ರತಿ ಹಳ್ಳಿಗೂ ವರ್ಷಕ್ಕೊಮ್ಮೆ ತನ್ನ ಚರ್ಚಿನ ಹಬ್ಬವಿದೆ, ಅದೇ ಕೆರ್ವಾ. ಆ ಭಾನುವಾರ ಊರ ತಂಡ ಊರಲ್ಲೇ ಆಡಬೇಕು. ಅದು ಯಾವ ನಿಯಮದಲ್ಲೂ ಇಲ್ಲ, ಆದರೆ ಅದನ್ನು ಮುರಿದರೆ ನಿಮ್ಮ ಫೋನಿಗೆ ಉಳಿಗಾಲವಿಲ್ಲ. ನಮ್ಮಲ್ಲಿ ಪಂಚಾಂಗ ನೋಡದೆ ಮದುವೆ ಗೊತ್ತುಮಾಡುವುದಿಲ್ಲವಲ್ಲ, ಹಾಗೆ ನಾನು ಕೆರ್ವಾ ದಿನಗಳನ್ನು ಮೊದಲು ಹಾಕಿಕೊಂಡು, ಆಮೇಲೆ ಕೀಲಿ ಸಂಖ್ಯೆಗೆ ಕೈ ಹಾಕುತ್ತಿದ್ದೆ. ಇನ್ನೂ ಒಂದು ವಿಷಯ. ಕೆರ್ವಾದ ದಿನ ಎದುರಾಳಿ ಯಾರೋ ದಾರಿಹೋಕರಾಗಿರಬಾರದು. ಸೋಲಿಸಿದರೆ ವರ್ಷವಿಡೀ ಹೇಳಿಕೊಳ್ಳಬಹುದಾದ ಪಕ್ಕದೂರಿನವರೇ ಬೇಕು.

ಮಳೆಯ ವಿಷಯ. ಶುಕ್ರವಾರ ಬಂತೆಂದರೆ, "ನಮ್ಮ ಮೈದಾನ ಕೆಸರಾಗಿದೆ, ಆಟ ಮುಂದೂಡಿ" ಎಂಬ ಫೋನುಗಳು ಶುರು. ಅದರಲ್ಲಿ ನಿಜವಾದ ಕೆಸರು ಎಷ್ಟು, ಗಾಯಗೊಂಡ ಸ್ಟ್ರೈಕರ್ ಎಷ್ಟು ಎಂದು ದನಿಯಲ್ಲೇ ಗುರುತಿಸಲು ಕಲಿಯಬೇಕು. ಒಂದು ಸಲ ಒಬ್ಬರು ಮೈದಾನ ಪೂರ್ತಿ ನೀರಿನಲ್ಲಿದೆ ಎಂದರು. ನನ್ನ ಕಿಟಕಿಯ ಹೊರಗೆ ಸುಡುಬಿಸಿಲು. ತಡೆದುಕೊಳ್ಳಲಾಗದೆ ಶನಿವಾರ ಸೈಕಲ್ ತುಳಿದುಕೊಂಡು ಹೋದೆ. ಮೈದಾನದ ನಡುವೆ ಬಿಳಿ ಶಾಮಿಯಾನ. ಒಳಗೆ ಅವರ ಗೋಲ್‌ಕೀಪರನ ಮದುವೆ. ಫೋನ್ ಮಾಡಿದ್ದಾತ ನನ್ನನ್ನು ನೋಡಿ ಕೆಂಪಾದ. ವಧು ಏನೂ ತಿಳಿಯದೆ ನನ್ನ ಕೈಗೆ ಕೇಕಿನ ತಟ್ಟೆ ಕೊಟ್ಟಳು. ತಿಂದು ಬಂದು, ಅವತ್ತೇ ಭಾನುವಾರದ ಆಟವನ್ನು ಮುಂದೂಡಿ, ಕಾರಣದ ಜಾಗದಲ್ಲಿ "ಮೈದಾನ ಬಳಕೆಯಲ್ಲಿದೆ" ಎಂದು ಬರೆದೆ. ಅದರಲ್ಲಿ ಸುಳ್ಳೇನಿದೆ?

ಇನ್ನು ನಾನು ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಇಷ್ಟು ಹೊತ್ತು ಅದರ ಸುತ್ತಲೇ ಓಡಾಡುತ್ತಿದ್ದೆ.

ವರ್ಷ ಕಳೆದಂತೆ ಗೋಡೆಯ ಗುಂಡುಸೂಜಿಗಳು ಒಂದೊಂದೇ ಉದುರಿದವು. ಹುಡುಗರು ಓದಿಗೆ, ಕೆಲಸಕ್ಕೆ ನಗರ ಸೇರಿದರು. ಹನ್ನೊಂದು ಜನರನ್ನು ಕೂಡಿಸಲು ಹಳ್ಳಿಗಳು ಒದ್ದಾಡತೊಡಗಿದವು. ನಾಲ್ಕು ಗುಂಪು ಮೂರಾಯಿತು. ಕೋಲರ್ ನಿವೃತ್ತರಾದರು. ಅವರ ಕುರ್ಚಿಗೆ ಲಿಂಡ್ನರ್ ಎಂಬ ಯುವಕ ಬಂದ. ಕೆಟ್ಟವನಲ್ಲ, ವಿನಯವಂತ, ನಗುಮುಖದವನು. ಬಂದ ತಿಂಗಳಲ್ಲೇ ನಕ್ಷೆ ಗೋಡೆಯಿಂದ ಇಳಿಯಿತು, ಲೀಗನ್ನು ಪೂರ್ವ ಮತ್ತು ಪಶ್ಚಿಮ ಎಂಬ ಎರಡೇ ಗುಂಪಾಗಿ ಮರುವಿಂಗಡಿಸುವ ಕೆಲಸ ಮೇಜಿಗೆ ಬಂತು. ಗೆರೆಯನ್ನು ಕಂಪ್ಯೂಟರ್ ಎಳೆಯುತ್ತದೆ, ಆದರೆ ತಂಡಗಳ ಇಷ್ಟವನ್ನೂ ಕೇಳೋಣ ಎಂದ. ಕೇಳುವುದು ಒಳ್ಳೆಯದೇ. ಅವನು ಕೇಳಿದ ಪ್ರಶ್ನೆ ಮಾತ್ರ ನನಗೆ ಹಿಡಿಸಲಿಲ್ಲ: "ನೀವು ಯಾವ ತಂಡದ ಜೊತೆ ಆಡಲು ಬಯಸುವುದಿಲ್ಲ?"

ವೈಡನ್‌ರೀಡ್ ಮತ್ತು ಹೋಲ್‌ಬಾಖ್ ಎಂದು ಎರಡು ಹಳ್ಳಿಗಳು. ನಡುವೆ ಕಾರ್ಪ್ ಮೀನು ಸಾಕುವ ಸಾಲು ಕೆರೆಗಳು. ಒಂದೂರಿನ ಮೈದಾನದಲ್ಲಿ ಗೋಲಾದರೆ ಇನ್ನೊಂದೂರಿಗೆ ಕೂಗು ಕೇಳುತ್ತದೆ. ಹಿಂದೆ ಯಾವುದೋ ಕಾಲದಲ್ಲಿ, ಗೋಲೋ ಅಲ್ಲವೋ ಎಂಬ ಜಗಳದಲ್ಲಿ ಚೆಂಡನ್ನು ಕೆರೆಗೆ ಎಸೆದರಂತೆ, ಅದರ ಹಿಂದೆಯೇ ರೆಫರಿಯನ್ನೂ ಎಸೆದರಂತೆ. ಅವತ್ತಿನಿಂದ ಎರಡೂರಿಗೂ ಆಗಿಬರುವುದಿಲ್ಲ. ವೈಡನ್‌ರೀಡ್ ತಂಡದ ಅಧ್ಯಕ್ಷ ಡೋರ್ನ್, ಮೀನು ಸಾಕುವವನು. ಹೋಲ್‌ಬಾಖ್‌ನ ಅಧ್ಯಕ್ಷ ಕ್ರೌಸ್, ಬಸ್ಸು ಓಡಿಸಿ ನಿವೃತ್ತನಾದವನು. ಪ್ರತಿ ವಸಂತದಲ್ಲೂ ಇಬ್ಬರೂ ತಪ್ಪದೆ ನನಗೆ ಫೋನ್ ಮಾಡಿ, "ಆ ಕಡೆಯವರ ಗುಂಪಿಗೆ ನಮ್ಮನ್ನು ಹಾಕಬೇಡಿ" ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ, ಹಾಕುತ್ತಿದ್ದೆ. ಪಟ್ಟಿ ಬಂದ ಮೇಲೆ ಇಬ್ಬರೂ ಫೋನ್ ಮಾಡಿ ಕೇಳುವುದು ಒಂದೇ: "ಅವರ ಜೊತೆ ಆಟ ಯಾವಾಗ?" ಕೆರ್ವಾದ ಭಾನುವಾರ ಆ ಆಟಕ್ಕೆಂದೇ ನ್ಯೂರೆಂಬರ್ಗಿನಿಂದ, ದೂರದ ರೆನ್ನಿಂಗೆನ್ನಿನಿಂದ ಹುಡುಗರು ಊರಿಗೆ ಬರುತ್ತಿದ್ದರು. ಆ ಒಂದು ಆಟಕ್ಕಾಗಿ ವರ್ಷವಿಡೀ ತಂಡದಲ್ಲಿ ಹೆಸರು ಉಳಿಸಿಕೊಳ್ಳುತ್ತಿದ್ದರು. ಆ ಆಟ ಹೋದರೆ ಎರಡೂ ತಂಡಗಳು ಉಳಿಯುವುದಿಲ್ಲ ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಿತ್ತು.

ಲಿಂಡ್ನರನ ಪ್ರಶ್ನೆಗೆ ವೈಡನ್‌ರೀಡ್ ಬರೆದ ಉತ್ತರ ಹೋಲ್‌ಬಾಖ್. ಹೋಲ್‌ಬಾಖ್ ಬರೆದ ಉತ್ತರ ವೈಡನ್‌ರೀಡ್. ಕಂಪ್ಯೂಟರ್ ಕೆರೆಗಳ ನಡುವೆ ಗೆರೆ ಎಳೆಯಿತು.

"ಇದು ತಪ್ಪು," ಎಂದೆ.

"ಅವರೇ ಕೇಳಿಕೊಂಡಿದ್ದು, ಫ್ರೌ ದೇಸಾಯಿ," ಎಂದ ಲಿಂಡ್ನರ್.

"ಅವರು ಕೇಳಿಕೊಳ್ಳುವುದೇ ಹಾಗೆ. ಅದನ್ನು ಕೊಡಬಾರದು."

"ಕೇಳಿದ್ದನ್ನು ಕೊಡುವುದಿಲ್ಲ ಎಂದರೆ ನಾವು ಯಾಕೆ ಕೇಳಬೇಕು?"

ಅವನ ಮಾತಿನಲ್ಲಿ ತಪ್ಪು ಹುಡುಕಿ ಹುಡುಕಿ ನನಗೆ ರೇಗಿಹೋಯಿತು. ತಪ್ಪೇ ಇರಲಿಲ್ಲ. ಕೊನೆಗೆ ಅವನು, ಒಬ್ಬರಾದರೂ ತಮ್ಮ ಉತ್ತರ ಹಿಂದೆ ತೆಗೆದುಕೊಂಡರೆ ಗೆರೆ ಸರಿಸುತ್ತೇನೆ, ತಂಡಗಳ ಸಭೆಯಲ್ಲಿ ಮತಕ್ಕೆ ಹಾಕುವವರೆಗೂ ಸಮಯವಿದೆ ಎಂದ. ಅಷ್ಟು ಮಾಡಿದ್ದೂ ದೊಡ್ಡದೇ.

ಆ ಶನಿವಾರ ಇವರಿಗೆ ಕಾರು ತೆಗೆಯಲು ಹೇಳಿದೆ. "ನಿನಗ್ಯಾಕ ಬೇಕ ಈ ಉಸಾಬರಿ? ಅವರ ಊರು, ಅವರ ಚೆಂಡು," ಎಂದರು. "ನಡೀರಿ ಸುಮ್ನ," ಎಂದೆ. ನಮ್ಮ ಮಗಳು ಸೋಫಾದ ಮೇಲಿಂದಲೇ, "ಅಮ್ಮಾ, ಸಿರಿಯಸ್ಲಿ, ಇಟ್ಸ್ ಕ್ರೈಸ್‌ಲೀಗಾ," ಎಂದು ನಕ್ಕಳು. ನಿಮ್ಮ ಜಿಲ್ಲಾ ಲೀಗನ್ನು ಯಾರು ನೋಡುತ್ತಾರೆ ಎಂಬ ನಗು ಅದು. ಅವಳು ಹುಟ್ಟಿದ ವರ್ಷದಿಂದ ಅದೇ ಲೀಗು ಅವಳ ಅಮ್ಮನ ನಿದ್ದೆ ತಿನ್ನುತ್ತಿದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಡೋರ್ನ್ ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿ ಕೆರೆಯ ಏರಿಯ ಮೇಲೆ ನಿಂತಿದ್ದ. ಇಲ್ಲಿನ ಹಳ್ಳಿಯವರ ಫ್ರಾಂಕಿಷ್ ಎಂಬ ಜರ್ಮನ್ ಆಡುಮಾತನ್ನು ನಾನು ಮನಸ್ಸಿನಲ್ಲಿ ನಮ್ಮ ಹುಬ್ಬಳ್ಳಿ ಮಾತಿನಲ್ಲೇ ಕೇಳಿಸಿಕೊಳ್ಳುತ್ತೇನೆ. ಬೇರೆ ಕನ್ನಡ ಅದಕ್ಕೆ ಹೊಂದುವುದಿಲ್ಲ. ಹಾಗೆಯೇ ಬರೆಯುತ್ತೇನೆ.

"ನಿಮ್ಮ ಉತ್ತರ ಹಿಂದ ತಗೋರಿ, ಹೆರ್ ಡೋರ್ನ್. ಇಲ್ಲಂದ್ರ ಇನ್ನ ಮುಂದ ಅವರ ಜೋಡಿ ಆಟ ಇರೂದಿಲ್ಲ."

"ಇಲ್ಲದಿದ್ರ ಚಲೋನ ಆತು."

"ನಿಮ್ಮ ಹುಡುಗರು ಕೆರ್ವಾಕ್ಕ ಬರೂದು ಯಾವ ಆಟಕ್ಕ?"

ಅವನು ನೀರು ನೋಡಿದ. "ಮದಲ ಆಂವ ತಗೊಳ್ಳಿ. ಆಮ್ಯಾಲ ನೋಡೋಣು," ಎಂದ.

ಕೆರೆ ಸುತ್ತಿಕೊಂಡು ಹೋಲ್‌ಬಾಖ್‌ಗೆ ಹೋದೆವು. ಕ್ರೌಸ್ ಕ್ಲಬ್ಬಿನ ಕಿಟಕಿಗೆ ಬಣ್ಣ ಹೊಡೆಯುತ್ತಿದ್ದ. ಏಣಿಯಿಂದ ಇಳಿಯದೆ ಎಲ್ಲ ಕೇಳಿಸಿಕೊಂಡ.

"ಆಂವ ಏನಂದ?"

"ನೀವು ಮದಲ ತಗೊಂಡ್ರ ನೋಡ್ತೇನಂದ್ರು."

"ಹಂಗಂದ್ನ? ಹಂಗಾರ ನಾನೂ ಹಂಗ ಅಂದೆ ಅಂತ ಹೇಳ್ರಿ."

ನಾನು ಮತ್ತೆ ಕೆರೆ ಸುತ್ತಿದೆ. ಇನ್ನೊಮ್ಮೆ ಸುತ್ತಿದೆ. ಇವರು ಬೇಸತ್ತು ಕಾರಿನಲ್ಲೇ ನಿದ್ದೆ ಹೋದರು. ಇಬ್ಬರಿಗೂ ಆಟ ಬೇಕಿತ್ತು, ಅದು ಅವರ ಮುಖದ ಮೇಲೆಯೇ ಬರೆದಿತ್ತು. ಆದರೆ ಮೊದಲು ಬಾಯಿ ಬಿಟ್ಟವನು ಕೆರ್ವಾದಲ್ಲಿ ತಲೆ ಎತ್ತಿ ಓಡಾಡುವಂತಿರಲಿಲ್ಲ. ಇಬ್ಬರನ್ನೂ ಹಿಡಿದು ಅದೇ ಕೆರೆಗೆ ನೂಕಬೇಕು ಎನಿಸಿತು.

ಸಭೆ ಊಟ, ಬಿಯರು ಸಿಗುವ ಒಂದು ಗಾಸ್ಟ್‌ಹೌಸ್‌ನ ದೊಡ್ಡ ಕೋಣೆಯಲ್ಲಿ ನಡೆಯಿತು. ಲಿಂಡ್ನರ್ ನಕ್ಷೆಯನ್ನು ಪರದೆಯ ಮೇಲೆ ತೋರಿಸಿ, ಕೆರೆಗಳ ನಡುವೆ ಹೋಗಿದ್ದ ಕೆಂಪು ಗೆರೆಯ ಹತ್ತಿರ ಸ್ವಲ್ಪ ಹೊತ್ತು ನಿಂತ. ನನಗಾಗಿಯೇ ನಿಂತನೆಂದು ಗೊತ್ತು. "ಯಾರಿಗಾದರೂ ಆಕ್ಷೇಪಣೆ ಇದೆಯೇ?" ಎಂದ. ಡೋರ್ನ್ ಬಿಯರ್ ಗ್ಲಾಸು ನೋಡುತ್ತಿದ್ದ. ಕ್ರೌಸ್ ತನ್ನ ಗ್ಲಾಸು ನೋಡುತ್ತಿದ್ದ. ಡೋರ್ನನ ಕೈ ಮೇಜಿನಿಂದ ಒಂದಿಷ್ಟು ಮೇಲೆದ್ದ ಹಾಗಾಯಿತು. ಗ್ಲಾಸು ಎತ್ತಿಕೊಂಡು ಕುಡಿದ. ಮತ ಆಯಿತು. ಗೆರೆ ಉಳಿಯಿತು. ನನಗೆ ಎದ್ದು ಕೂಗಬೇಕು ಎನಿಸಿತ್ತು, ಆದರೆ ಕಚೇರಿಯವರಿಗೆ ಮತವೂ ಇಲ್ಲ, ಮಾತೂ ಇಲ್ಲ.

ಆ ವರ್ಷದ ಕೆರ್ವಾಕ್ಕೆ ವೈಡನ್‌ರೀಡ್‌ಗೆ ಆಡಲು ಬಂದವರು ಜಿಲ್ಲೆಯ ಇನ್ನೊಂದು ತುದಿಯವರು. ವ್ಯಾನಿನಲ್ಲಿ ಬಂದರು, ಆಡಿದರು, ಸ್ನಾನ ಮಾಡಿಕೊಂಡು ಹೊರಟುಹೋದರು. ಗೆದ್ದದ್ದು ವೈಡನ್‌ರೀಡ್, ಆದರೆ ಯಾರಿಗೆ ಹೇಳಿಕೊಳ್ಳುವುದು? ಹೋಲ್‌ಬಾಖ್‌ನ ಕಥೆಯೂ ಅದೇ. ಚಳಿಗಾಲ ಮುಗಿಯುವ ಹೊತ್ತಿಗೆ ನಗರದ ಹುಡುಗರು ಬರುವುದನ್ನು ಬಿಟ್ಟರು. ಹೋಲ್‌ಬಾಖ್ ಒಂದು ಆಟಕ್ಕೆ ಜನರಿಲ್ಲದೆ ಬರಲಿಲ್ಲ. ಮುಂದಿನ ವಾರ ವೈಡನ್‌ರೀಡ್ ಬರಲಿಲ್ಲ. ನನ್ನ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಆದರೆ ಆ ಇಬ್ಬರ ದನಿ ಮಾತ್ರ ಕೇಳಲಿಲ್ಲ. ವಸಂತ ಬಂತು. ಆ ಕಡೆಯವರ ಜೊತೆ ಹಾಕಬೇಡಿ ಎಂದು ಇಬ್ಬರೂ ಹೇಳಲಿಲ್ಲ. ಅದರಷ್ಟು ನನ್ನನ್ನು ಕಾಡಿದ್ದು ಬೇರೊಂದಿಲ್ಲ.

ನನ್ನ ಕೆಲಸದ ಕೊನೆಯ ತಿಂಗಳಲ್ಲಿ ಕಚೇರಿಯ ಅಂಗಳಕ್ಕೆ ಒಂದು ಕಾರು ಬಂದು ನಿಂತಿತು. ಒಂದೇ ಕಾರಿನಿಂದ ಡೋರ್ನ್ ಮತ್ತು ಕ್ರೌಸ್ ಇಳಿದರು. ಅಯ್ಯೋ, ಕೊನೆಗೂ ಬಂದರಲ್ಲ ಎಂದುಕೊಂಡೆ. ಗೆರೆ ಸರಿಸಿ ಎನ್ನಲು ಬಂದಿದ್ದಾರೆ, ಲಿಂಡ್ನರನನ್ನು ಒಪ್ಪಿಸುತ್ತೇನೆ ಎಂದು ಎದ್ದೇ ನಿಂತೆ.

"ಜಂಟಿ ತಂಡ ಮಾಡಬೇಕಂತ ಮಾಡೇವಿ," ಎಂದ ಡೋರ್ನ್.

ಜಂಟಿ ತಂಡ ಎಂದರೆ, ಆಟಗಾರರು ಸಾಲದ ಎರಡು ಊರುಗಳು ಸೇರಿ ಒಂದೇ ತಂಡವಾಗುವುದು. ಅವನ ಕಡೆ ಆರೇಳು ಜನ, ಇವನ ಕಡೆ ಆರೇಳು ಜನ. ಬೇರೆ ದಾರಿ ಇರಲಿಲ್ಲ. ನಾನು ಕೂತುಬಿಟ್ಟೆ. ಆಮೇಲೆ ಯಾರ ಊರಿನ ಹೆಸರು ಮೊದಲು ಬರಬೇಕೆಂದು ನನ್ನ ಮೇಜಿನ ಮುಂದೆಯೇ ಜಗಳ ಶುರುವಾಯಿತು. ಮೇಜು ಗುದ್ದಿದರು. ಪಕ್ಕದ ಕೋಣೆಯವರು ಇಣುಕಿದರು. ಆ ಜಗಳ ಕೇಳಿ ಒಂದು ಗಳಿಗೆ ನನಗೆ ಹಿತವಾಯಿತು ಎಂದು ಹೇಳಲು ಸಂಕೋಚವಿಲ್ಲ. ಕೊನೆಗೆ ಒಂದು ವರ್ಷ ಅವರ ಹೆಸರು ಮೊದಲು, ಒಂದು ವರ್ಷ ಇವರದು ಎಂದು ನಾನೇ ತೀರ್ಮಾನ ಕೊಟ್ಟೆ.

ಲಿಂಡ್ನರ್ ಬಂದು ಇಬ್ಬರ ಕೈಯನ್ನೂ ಕುಲುಕಿದ. ಮರುವಿಂಗಡಣೆಯಿಂದಾಗಿ ಹಳೆಯ ವೈರಿಗಳೂ ಒಂದಾದರು ಎಂದು ತುಂಬ ಸಂತೋಷಪಟ್ಟ. ಪ್ರಾಮಾಣಿಕವಾಗಿಯೇ ಸಂತೋಷಪಟ್ಟ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಒಂದಾದದ್ದು ಸರಿ. ಆದರೆ ಒಂದಾದವರು ತಮ್ಮ ಮೇಲೆ ತಾವೇ ಆಡಲಾರರು. ಆ ಆಟ ಇನ್ನು ಯಾವ ಗೆರೆ ಸರಿಸಿದರೂ ಬರುವುದಿಲ್ಲ.

ಮೇಘನಾ, ನಿನ್ನ ಹೊಸ ಪ್ರೋಗ್ರಾಂ ನಾನು ವಾರಗಟ್ಟಲೆ ಮಾಡುತ್ತಿದ್ದುದನ್ನು ಚಹಾ ಕುಡಿಯುವುದರೊಳಗೆ ಮಾಡುತ್ತದೆ. ಅದು ಒಳ್ಳೆಯದೇ, ಮೊದಲೇ ಬಂದಿದ್ದರೆ ನನ್ನ ಕೂದಲು ಕಪ್ಪಗೇ ಉಳಿಯುತ್ತಿತ್ತು. ಆದರೆ ಜನ ಬೇಡ ಎಂದದ್ದನ್ನೆಲ್ಲ ಬೇಡದ ಕಡೆ ಹಾಕಬೇಡ. ಫೋನ್ ಮಾಡು, ಕೇಳು, ದನಿಯಲ್ಲಿ ಏನಿದೆ ನೋಡು. ಆಮೇಲೂ ಸಂಶಯವಿದ್ದರೆ ಸೈಕಲ್ ಹತ್ತು.

ನಿವೃತ್ತಳಾದ ಮೇಲಿನ ಮೊದಲ ಶರತ್ಕಾಲದಲ್ಲಿ ನಾನೂ ಒಂದು ಭಾನುವಾರ ಸೈಕಲ್ ಹತ್ತಿದೆ. ಮನೆಯಲ್ಲಿ ಇರಲಾಗಲಿಲ್ಲ, ಅಷ್ಟೆ. ವೈಡನ್‌ರೀಡ್ ಮೈದಾನದಲ್ಲಿ ಜಂಟಿ ತಂಡದ ಆಟ ನಡೆಯುತ್ತಿತ್ತು. ನೋಡುವವರು ಕೈಬೆರಳಲ್ಲಿ ಎಣಿಸುವಷ್ಟು. ಕ್ರೌಸ್ ಸಾಸೇಜು ಸುಡುತ್ತಿದ್ದ. ಡೋರ್ನ್ ಕಬ್ಬಿಣದ ಕಂಬಿಗೆ ಒರಗಿ ಒಬ್ಬನೇ ನಿಂತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ತಲೆಯಾಡಿಸಿದ.

ಎತ್ತರದ ಹುಡುಗನೊಬ್ಬ ತಲೆಯಿಂದ ಚೆಂಡನ್ನು ಗೋಲಿಗೆ ಹೊಡೆದ. ಡೋರ್ನ್ ಚಪ್ಪಾಳೆಗೆ ಕೈ ಎತ್ತಿದವನು ಅರ್ಧಕ್ಕೇ ನಿಲ್ಲಿಸಿದ.

"ಆಂವ ನಮ್ಮಾಂವೋ, ಅವರಾಂವೋ?" ಎಂದು ಕೇಳಿದ.

"ಈಗ ಎಲ್ಲಾರೂ ನಿಮ್ಮವರ ಅಲ್ಲೇನ್ರಿ?"

ಅವನು ಕೈ ಇಳಿಸಿದ. ಅಷ್ಟು ದೊಡ್ಡ ಮನುಷ್ಯ ಒಮ್ಮೆಲೇ ಕುಗ್ಗಿಹೋದ ಹಾಗೆ ಕಂಡ.

"ಮತ್ತ ನಾ ಯಾರಿಗೆ ಬೈಲಿ?" ಎಂದ.

ತಮಾಷೆಗೆ ಕೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದು. ನನಗೆ ಕನಿಕರ ಬಂದರೂ ಹೊರಬರುವುದು ಸಿಟ್ಟೇ.

"ನನಗ ಬೈರಿ," ಎಂದೆ. "ಗೆರಿ ಎಳದ ಆಫೀಸಿನಾಕಿ ನಾನ ಅಲ್ಲೇನು? ಈಗ ನನಗ ಕೆಲಸಾನೂ ಇಲ್ಲ. ಬೈರಿ."

ಅವನು ಕಂಬಿ ಬಿಟ್ಟು ನನ್ನ ಕಡೆ ತಿರುಗಿದ. ಆಮೇಲೆ ಶುರುಮಾಡಿದ. ಕಚೇರಿಗೆ ಬೈದ, ಕಂಪ್ಯೂಟರಿಗೆ ಬೈದ, ಪಕ್ಕದೂರನ್ನು ಗೆರೆಯ ಆಚೆ ತಳ್ಳಿದವರ ತಲೆಯಲ್ಲಿ ಏನಿದೆಯೆಂದು ಕೇಳಿದ. ನಾನು ಬಿಡುವವಳೇ? ಅಂದು ಕೆರೆ ಏರಿಯ ಮೇಲೆ ನಿಂತು ಬಾಯಿ ಹೊಲಿದುಕೊಂಡವರು ಯಾರು, ಗ್ಲಾಸಿನೊಳಗೆ ಮುಖ ಹಾಕಿ ಕೂತವರು ಯಾರು ಎಂದು ನಾನೂ ಏರಿಸಿದೆ. ಜರ್ಮನ್ ಸಾಲದೆ ಹೋದಾಗ ಹುಬ್ಬಳ್ಳಿ ಕನ್ನಡದಲ್ಲೇ ಬೈದೆ. ಅರ್ಥವಾದವನಂತೆ ಇನ್ನೂ ಜೋರು ಮಾಡಿದ. ಗದ್ದಲ ಕೇಳಿ ಕ್ರೌಸ್ ಇಕ್ಕಳ ಹಿಡಿದುಕೊಂಡೇ ಓಡಿಬಂದ. ಯಾರ ಮೇಲೆ ಬೈಗುಳವೆಂದು ಡೋರ್ನ್ ಹೇಳಿದ್ದೇ ತಡ, "ಆ ಕಡೆ ಸರಿ, ನಿನಗ ಬೈಯಾಕ ಬರೂದಿಲ್ಲ," ಎಂದು ಅವನ ಪಕ್ಕಕ್ಕೆ ಬಂದು ನಿಂತು ಅವನೂ ಶುರುಮಾಡಿದ. ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿಕೊಂಡು, ಒಬ್ಬ ಉಸಿರೆಳೆದುಕೊಳ್ಳುವಾಗ ಇನ್ನೊಬ್ಬ ಮುಂದುವರಿಸುತ್ತ ನನಗೆ ಬೈದರು. ಅಲ್ಲಿ ಸಾಸೇಜು ಕರಕಾಗುತ್ತಿತ್ತು.

ಕತ್ತಲಾಗುವ ಮುಂಚೆ ಮನೆ ಸೇರಿದೆ. ಆಟದಲ್ಲಿ ಯಾರು ಗೆದ್ದರೆಂದು ಇವರು ಕೇಳಿದರು. ಬೈದಾಡುತ್ತಿದ್ದ ನಮ್ಮ ಮೂವರಲ್ಲಿ ಒಬ್ಬರೂ ನೋಡಿರಲಿಲ್ಲ.